ಗುಲಾಬಿಯಾದ ಬಿಳಿ ಅಂಗಿಗಳು

ಆಗ ನನಗೆ ಏಳು ವರ್ಷವೋ ಎಂಟೋ. ಕೆಲವು ವಿವರಗಳನ್ನು ಆಮೇಲೆ ನಾನೇ ಸೇರಿಸಿಕೊಂಡಿರಬಹುದು. ಆದರೆ ಈಗಲೂ ವಾಷಿಂಗ್ ಮಷಿನ್ನಿನ ಬಾಗಿಲು ತೆಗೆದಾಗ ಬರುವ ಸೋಪಿನ ವಾಸನೆಗೆ ಆ ಮಧ್ಯಾಹ್ನ ನೆನಪಾಗುತ್ತದೆ.

ಹತ್ತು ಮನೆಗೆ ಒಂದೇ ನಳವಿದ್ದ ಜೋಗೇಶ್ವರಿಯ ಚಾಳು ಬಿಟ್ಟು ಮಲಾಡಿನ ಫ್ಲಾಟಿಗೆ ಬಂದು ವಾರವಾಗಿತ್ತು. ಹೊಸ ಮಷಿನ್ನಿಗೆ ಅಪ್ಪನ ತಾಯಿ, ನಮ್ಮ ಆಯಿ, ಅರಿಶಿನ ಕುಂಕುಮ ಹಚ್ಚಿದ್ದಳು. "ನಾ ಕಲಿಸೂತನಕ ಯಾರೂ ಮುಟ್ಟಬ್ಯಾಡ್ರಿ," ಎಂದು ಅಪ್ಪ ಅಮ್ಮನನ್ನೇ ನೋಡಿ ಹೇಳಿ ಆಫೀಸಿಗೆ ಹೋಗಿದ್ದ.

ಮೊದಲು ಹಿರಿಯರ ಬಟ್ಟೆಯೇ ಹೋಗಬೇಕೆಂದು ಅಮ್ಮ ಆಯಿಯ ಕೆಂಪು ಇಳಕಲ್ ಸೀರೆ ಹಾಕಿದಳು. ಜಾಗ ಉಳಿದಿತ್ತೆಂದು ಅಪ್ಪನ ಬಿಳಿ ಅಂಗಿಗಳನ್ನೂ ತುರುಕಿ ಗುಂಡಿ ಒತ್ತಿದಳು. ಮೂವರೂ ಗಾಜಿನ ಬಾಗಿಲ ಮುಂದೆ ಕುಳಿತೆವು.

"ಚಾಳಿನ ನಳದ ಮುಂದ ಜಗಳನರ ಇರ್ತಿತ್ತು. ಇದು ಒಂದಽ ಕೂತು ಗುರಗುಡತೈತಿ," ಎಂದು ಆಯಿ ನಕ್ಕಳು.

ಅಷ್ಟರಲ್ಲಿ ನೀರು ಕೆಂಪಾಯಿತು. ಗುಲಾಬಿಯಾದ ಅಂಗಿಗಳನ್ನು ಹೊರತೆಗೆದು ಅಮ್ಮ ನಳದ ಕೆಳಗೆ ಮತ್ತೆ ಮತ್ತೆ ತಿಕ್ಕಿದಳು.

ಸಂಜೆ ಅಪ್ಪ ಬಾಯಿ ತೆರೆಯುವ ಮೊದಲೇ ಆಯಿ ಹೇಳಿದಳು: "ಗುಂಡಿ ನಾನಽ ಒತ್ತಿದೆಪಾ. ಬೈಯೂದಿದ್ರ ನನಗ ಬೈ."

ಅಪ್ಪ ಒಂದು ಅಂಗಿ ಎತ್ತಿ ಹಿಡಿದು, "ಏನವ್ವಾ, ಮದುವಿ ಗಂಡಿನಂಗ ಮಾಡಿಟ್ಟಿ ನನ್ನ," ಎಂದು ನಕ್ಕುಬಿಟ್ಟ. ಅಮ್ಮ ತಲೆ ಎತ್ತಲಿಲ್ಲ.

ಅಮ್ಮ ಒತ್ತಿದ್ದನ್ನು ನಾನು ಕಂಡಿದ್ದೆ, ಅಥವಾ ಕಂಡೆನೆಂದು ಇಷ್ಟು ವರ್ಷ ನಂಬಿದ್ದೇನೆ. ಮರುದಿನ ರೊಟ್ಟಿ ಬಡಿಯುತ್ತಿದ್ದ ಆಯಿಯನ್ನು ಕೇಳಿದೆ: "ಆಯಿ, ಗುಂಡಿ ಒತ್ತಿದ್ದು ಅಮ್ಮ ಅಲ್ಲೇನು?"

ಆಯಿ ಬೆಣ್ಣೆ ಹಚ್ಚಿದ ಬಿಸಿ ರೊಟ್ಟಿಯ ತುಂಡೊಂದನ್ನು ನನ್ನ ಬಾಯಿಗಿಟ್ಟು, ಮತ್ತೆ ರೊಟ್ಟಿ ಬಡಿಯತೊಡಗಿದಳು.