ರಕ್ತಕ್ಕೆ ಬದಲಿ ಆಳು

“ರಕ್ತಕ್ಕೂ ಬದಲಿ ಕಳಿಸೂದಾ ಅಣ್ಣ?” ಬೀರಪ್ಪ ಮೀನಿನ ಬುಟ್ಟಿ ಕೆಳಗಿಟ್ಟು ಕೇಳಿದ.

“ಮೆಲ್ಲಗೆ ಮಾತಾಡಾ,” ಎಂದ ನಾಗಪತಿ. “ಬಂದರಿಗೆಲ್ಲ ಡಂಗುರ ಸಾರಬೇಡ.”

ಹೊನ್ನಾವರದ ಬಂದರಿನಲ್ಲಿ ಬದಲಿ ಆಳು ಹೊಸ ಸಂಗತಿಯಲ್ಲ. ಜ್ವರ ಬಂದವನು ಭಾವನನ್ನು ಬೋಟು ಹತ್ತಿಸುತ್ತಾನೆ, ನೆಂಟರ ಮದುವೆಗೆ ಹೊರಟವನು ತಮ್ಮನನ್ನು ಕಳಿಸುತ್ತಾನೆ. ಎಳೆಯುವ ಕೈ ಯಾರದಾದರೇನು, ಬಲೆ ಮೇಲೆ ಬಂದರೆ ಆತು. ಬೋಟಿನ ತಾಂಡೇಲನಾಗಿ ಚುಕ್ಕಾಣಿ ಹಿಡಿಯುವ ನಾಗಪತಿಗೆ ಈ ಉಪಾಯ ಹೊಳೆದದ್ದು ಸಹಜವೇ. ಸಹಜವಲ್ಲದ್ದು ಇನ್ನೊಂದು. ಬಿರುಗಾಳಿಯಲ್ಲೂ ನಗುತ್ತ ಬೋಟು ದಡಕ್ಕೆ ತರುವ ಈ ಆಸಾಮಿ ಸೂಜಿ ಕಂಡರೆ ಬೆವರುತ್ತಿದ್ದ. ಅದು ಅವನ ಬೋಟಿನಲ್ಲೇ ದುಡಿಯುವ ಬೀರಪ್ಪನಿಗೆ ಮಾತ್ರ ಗೊತ್ತು. ಹೆಂಡತಿಗೂ ಗೊತ್ತಿಲ್ಲ ಎಂದು ನಾಗಪತಿ ನಂಬಿದ್ದ.

ಹೆಂಡತಿ ವಿನುತಾ ಬಸುರಿ. ಅವಳ ರಕ್ತ ಪರೀಕ್ಷೆ ಮಾಡಿದ ಡಾಕ್ಟರಮ್ಮ ಹೇಳಿದ್ದರು, ಇದರಲ್ಲಿ ಥಲಸ್ಸೇಮಿಯಾದ ಒಂದು ಎಳೆ ಇದೆ, ಹೆತ್ತವರಿಂದ ಬಂದದ್ದು ಎಂದು. ಅವಳಿಗೆ ಅದರಿಂದ ತೊಂದರೆಯಿಲ್ಲ. ಆದರೆ ಗಂಡನ ರಕ್ತದಲ್ಲೂ ಅದೇ ಎಳೆ ಇದ್ದರೆ, ಮಗುವಿಗೆ ಕಾಯಿಲೆಯೇ ಬರುವ ಸಂಭವ ನಾಲ್ಕರಲ್ಲಿ ಒಂದು ಪಾಲು. ಬಂದರೆ ಆ ಮಗು ಬೇರೆಯವರ ರಕ್ತ ಏರಿಸಿಕೊಂಡೇ ಬೆಳೆಯಬೇಕು. “ನಿನ್ನದು ಇನ್ನೊಮ್ಮೆ ನೋಡುವ. ಗಂಡನನ್ನೂ ಕರಕೊಂಡು ಬಾ,” ಎಂದಿದ್ದರು.

“ನಮ್ಮ ಮನೆತನದ ರಕ್ತಕ್ಕೆ ಎಂತ ಆಗದೆ?” ನಾಗಪತಿಯ ತಾಯಿ ಗಂಗಿ ಸೊಂಟಕ್ಕೆ ಕೈಯಿಟ್ಟಳು. “ಇವನ ಅಜ್ಜನಿಗೆ ತೊರಕೆ ಮೀನು ಮುಳ್ಳು ಚುಚ್ಚಿತ್ತು. ಮೀನೇ ಸತ್ತೋಯ್ತು!”

ವಿನುತಾ ನಗಲಿಲ್ಲ. ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದಳು. ನಾಗಪತಿ ಆ ತಟ್ಟೆ ನೋಡಿದ. ಮರುದಿನವೇ ಅವನು ಬದಲಿ ಹುಡುಕಿದ.

ಹಾಗಾಗಿ ಆ ಗುರುವಾರ, “ಎಂಜಿನ್ ಕೆಟ್ಟದೆ, ನೀ ಹೋಗಿರು, ನಾ ಹಿಂದಿಂದ ಬರ್ತೆ” ಎಂದು ಹೆಂಡತಿಯನ್ನು ರಿಕ್ಷಾ ಹತ್ತಿಸಿದ. ಜತೆಗೆಂದು ಬೀರಪ್ಪನನ್ನು ಕೂರಿಸಿದ. ವಿನುತಾ ರಕ್ತ ಕೊಟ್ಟು ಹೊರಗೆ ಬಂದ ಮೇಲೆ, ಲ್ಯಾಬಿನವರು ‘ನಾಗಪತಿ’ ಎಂದು ಕೂಗಿದಾಗ ಬೀರಪ್ಪ ಸದ್ದಿಲ್ಲದೆ ಒಳಗೆ ನುಗ್ಗಬೇಕು. ಅಷ್ಟೇ ಕೆಲಸ. ಕೂಲಿಗೆ ಒಂದು ದೊಡ್ಡ ಇಸ್ವಾಣ ಮೀನು.

ವಿನುತಾ ಮನೆಗೆ ಬಂದಾಗ ಎರಡೂ ಮೊಣಕೈಯಲ್ಲಿ ಪಟ್ಟಿ ಇತ್ತು. ಗಂಗಿ ಹೌಹಾರಿದಳು. “ಎರಡೂ ಕೈಗಾ? ರಕ್ತ ತೆಗೆದದ್ದಾ, ಬಾವಿ ತೋಡಿದ್ದಾ?”

“ಒಂದು ಕೈದು ಸಾಕಾಗ್ಲಿಲ್ಲ ಅತ್ತೆ,” ಎಂದು ವಿನುತಾ ಗಂಡನತ್ತ ತಿರುಗಿದಳು. “ನೀವು ಬಂದದ್ದೇ ಕಾಣಲಿಲ್ಲ?”

“ಹಿಂದಿನ ಬಾಗಿಲಿಂದ ಬಂದೆ. ಗಡಿಬಿಡಿ.”

“ನೋವಾತಾ?”

“ಇರುವೆ ಕಚ್ಚಿದ ಹಂಗೆ.”

“ಪಾಪ,” ಎಂದಳು ವಿನುತಾ.

ಬೀರಪ್ಪ ಮಾತ್ರ ಇಸ್ವಾಣ ಮುಟ್ಟಲಿಲ್ಲ. “ಮೈಗೆ ಆಗೂದಿಲ್ಲ ಅಣ್ಣ” ಎಂದು ಮುಖ ತಿರುಗಿಸಿಕೊಂಡು ಹೋದ. ಹುಟ್ಟಿದಂದಿನಿಂದ ಮೀನಲ್ಲೇ ಬೆಳೆದ ಮೈ!

ಮುಂದಿನ ವಾರ ಗಂಡ ಹೆಂಡಿರಿಬ್ಬರೂ ಡಾಕ್ಟರಮ್ಮನ ಎದುರು ಕೂತರು. ಅವರು ಕನ್ನಡಕ ಏರಿಸಿ ನಾಗಪತಿಯನ್ನೇ ನೋಡಿದರು.

“ನಿಮ್ಮಿಬ್ಬರ ರಿಪೋರ್ಟೂ ಒಂದೇ ಅಚ್ಚು. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಇಂಥ ಜೋಡಿ ನಾನು ನೋಡಿಯೇ ಇಲ್ಲ.”

ವಿನುತಾ ತಲೆ ತಗ್ಗಿಸಿದಳು.

“ಇದು ನಿಮ್ಮದೇ ರಕ್ತ ಆದರೆ ನಾಗಪತಿಯವರೇ, ಇನ್ನು ಮಗುವಿನದ್ದು ನೋಡಬೇಕು. ದೊಡ್ಡ ಆಸ್ಪತ್ರೆಗೆ ಹೋಗಿ, ಇವಳ ಹೊಟ್ಟೆಗೆ ಸೂಜಿ ಹಾಕಿಸಬೇಕು.”

“ಎಷ್ಟು ಉದ್ದದ್ದು?”

ಡಾಕ್ಟರಮ್ಮ ಎರಡು ಬೆರಳು ಅಗಲಿಸಿ ತೋರಿಸಿದರು. ಹದವಾದ ಒಂದು ಬಂಗಡೆ ಮೀನಿನಷ್ಟಿತ್ತು.

ನಾಗಪತಿ ಹೆಂಡತಿಯ ಹೊಟ್ಟೆ ನೋಡಿದ. ಒಂದು ಇರುವೆ ಕಡಿತಕ್ಕೆ ಹೆದರಿ ಅವಳನ್ನು ಎಲ್ಲಿಗೆ ತಂದು ನಿಲ್ಲಿಸಿದೆ ಎನಿಸಿತು. ಕುರ್ಚಿಯಿಂದ ಎದ್ದೇಬಿಟ್ಟ.

“ಡಾಕ್ಟರಮ್ಮ, ಆ ರಕ್ತ ನಂದಲ್ಲ! ಬೀರಪ್ಪಂದು. ನಂಗೆ ಸೂಜಿ ಅಂದ್ರೆ ಹೆದರಿಕೆ. ಇವಳಿಗೆ ಚುಚ್ಚಬೇಡಿ, ನಂಗೆ ಚುಚ್ಚಿ. ಎಷ್ಟು ಬೇಕಾದ್ರೂ ಚುಚ್ಚಿ!”

ಡಾಕ್ಟರಮ್ಮ ಸಿಟ್ಟಾಗಲಿಲ್ಲ. ಸಿಸ್ಟರು ಸೂಜಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಳು. ನಾಗಪತಿ ಮುರ್ಡೇಶ್ವರನನ್ನು ನೆನೆದು ಕೈ ಚಾಚಿದ, ಹಾಗೆಯೇ ಎಚ್ಚರ ತಪ್ಪಿ ಪಕ್ಕದ ಮಂಚದ ಮೇಲೆ ಉರುಳಿದ. “ಚಲೋ ಆತು,” ಎಂದಳು ಸಿಸ್ಟರು, “ಇನ್ನು ಕೈ ಅಲುಗೂದಿಲ್ಲ.”

ಫಲಿತಾಂಶ ಬಂತು. ನಾಗಪತಿಯ ರಕ್ತದಲ್ಲಿ ಆ ಎಳೆ ಇರಲಿಲ್ಲ. ಮಗುವಿಗೆ ಆ ಕಾಯಿಲೆಯ ಭಯವಿಲ್ಲ, ಹೆಚ್ಚೆಂದರೆ ಅಮ್ಮನ ಹಾಗೆ ಒಂದು ಎಳೆ ಹೊತ್ತುಕೊಂಡೀತು, ಅಷ್ಟೇ ಎಂದರು ಡಾಕ್ಟರಮ್ಮ. ವಿನುತಾ ಅತ್ತಳು, ನಕ್ಕಳು, ಹೋಗಿ ರಿಕ್ಷಾದಲ್ಲಿ ಕೂತಳು.

ಜತೆಗೆ ಬಂದಿದ್ದ ಬೀರಪ್ಪ ಹೊರಗೆ ಕಾಯುತ್ತಿದ್ದ. ನಾಗಪತಿ ಅವನ ಹೆಗಲು ಹಿಡಿದು ಪಕ್ಕಕ್ಕೆ ಕರೆದೊಯ್ದ.

“ಎದೆ ಗಟ್ಟಿ ಮಾಡ್ಕೊ ಬೀರಪ್ಪ. ಆ ಎಳೆ ಇರೂದು ನಿನ್ನ ರಕ್ತದಲ್ಲಿ. ನಿಂಗೆ ಎಂತದೂ ಆಗೂದಿಲ್ಲ. ಆದ್ರೆ ಮದುವೆಗೆ ಮುಂಚೆ ಹುಡುಗಿ ರಕ್ತ ನೋಡಿಸು.”

“ನನ್ನ ರಕ್ತ ನನ್ನ ಮೈಯಲ್ಲೇ ಅದೆ ಅಣ್ಣ,” ಎಂದ ಬೀರಪ್ಪ ನೆಲ ನೋಡುತ್ತ. “ಸೂಜಿ ಕಂಡವನೇ ನಾ ಕುರ್ಚಿ ಸಮೇತ ಗೋಡೆಗೆ ಸರಿದೆ.”

“ಮತ್ತೆ ಆ ರಕ್ತ ಯಾರದ್ದಾ?”

“ನನ್ನ ಕೂಗು ಕೇಳಿ ವಿನುತಕ್ಕ ಒಳಗೆ ಬಂದ್ರು. ‘ನಮ್ಮ ಮನೆಯವರಿಗೆ ಬದಲಿಯೇ ಆಗೂದಾದ್ರೆ ನಂದು ಮತ್ತೊಂದು ಕೈ ಅದೆ’ ಅಂದ್ರು. ಡಾಕ್ಟರಮ್ಮಂಗೆ ಹೇಳಿಯೇ ಕೊಟ್ಟದ್ದು.”

ನಾಗಪತಿ ಮೆಲ್ಲಗೆ ರಿಕ್ಷಾದತ್ತ ತಿರುಗಿದ. ವಿನುತಾ ಮುಂದಕ್ಕೆ ಬಗ್ಗಿ, ಡ್ರೈವರನ ಹೆಗಲ ಪಕ್ಕದಿಂದ ಕೈ ತೂರಿಸಿ, ಪೋಂ ಎಂದು ಹಾರನ್ ಒತ್ತಿದಳು.