ಓಡಿಹೋಗದ ಮೇಸ್ತ್ರಿ

ಗೋಡೆಯಲ್ಲಿ ತೂತಿತ್ತು. ತೂತು ಕೊರೆದವನು ಇರಲಿಲ್ಲ.

ಮೊದಲನೆಯ ಮೇಸ್ತ್ರಿ ಅಗ್ಗಿಷ್ಟಿಕೆ ಕಟ್ಟಲೆಂದು ನಡುಮನೆಯ ಗೋಡೆ ಒಡೆದು, "ನಾಳೆ ಬರ್ತೀನಿ" ಎಂದು ಹೋದವನು ಆ ನಾಳೆಯನ್ನೂ ಜೊತೆಗೇ ಹೊತ್ತುಕೊಂಡು ಹೋಗಿದ್ದ. ಎರಡನೆಯವನು ಅದೇ ತೂತಿನಲ್ಲಿ ನಾಲ್ಕು ಸಾಲು ಇಟ್ಟಿಗೆ ಜೋಡಿಸಿ ಮರಳು ತರಲು ಹೋದ. ಸಮುದ್ರದ ದಡಕ್ಕೇ ಹೋದನೋ ಏನೋ, ಮೂರು ವಾರವಾದರೂ ಪತ್ತೆಯಿಲ್ಲ. ತೂತಿಗೆ ಗೋಣಿಚೀಲ ತುರುಕಿದ್ದಾಯಿತು. ಚಳಿಗಾಳಿ ಗೋಣಿಚೀಲಕ್ಕೆಲ್ಲ ಹೆದರಲಿಲ್ಲ.

ಮನೆಯ ಯಜಮಾನರು ನಿವೃತ್ತ ಟಿ.ಸಿ. ಮೂವತ್ತೈದು ವರ್ಷ ರೈಲಿನಲ್ಲಿ ಟಿಕೆಟ್ ಇಲ್ಲದವರನ್ನು ಮುಖ ನೋಡಿಯೇ ಹಿಡಿದವರು. ಅಂಥವರಿಗೆ ಇಬ್ಬರು ಮೇಸ್ತ್ರಿಗಳು ಒಬ್ಬರಾದ ಮೇಲೊಬ್ಬರಂತೆ ಚಳ್ಳೆಹಣ್ಣು ತಿನ್ನಿಸಿದ್ದರು.

"ಸೊಸೆಗೆ ಏಳು ತಿಂಗಳು," ಎಂದರು ಹೆಂಡತಿ. "ಮಗು ಹುಟ್ಟೋದು ಒಳ್ಳೇ ಚಳೀಲಿ. ಅಷ್ಟರೊಳಗೆ ಅಗ್ಗಿಷ್ಟಿಕೆ ಉರೀಲಿಲ್ಲ ಅಂದ್ರೆ ಮೊಮ್ಮಗೂನ ನಿಮ್ಮ ಕೈಗೆ ಕೊಡಲ್ಲ, ನೋಡ್ತಿರಿ."

ಟಿ.ಸಿ. ನಿಜಕ್ಕೂ ಹೆದರಿದರು. ಯಾರಿಗೂ ಹೇಳದೆ ಆಗಲೇ ಒಂದು ಗಿಲಕಿ ತಂದು ಬೀರುವಿನಲ್ಲಿ ಬಚ್ಚಿಟ್ಟಿದ್ದ ಮನುಷ್ಯ. ಈ ಸಲ ಚೆನ್ನಾಗಿ ವಿಚಾರಿಸದೆ ಒಂದು ಇಟ್ಟಿಗೆಯನ್ನೂ ಇಡಿಸುವುದಿಲ್ಲವೆಂದು ಶಪಥ ಮಾಡಿ ಸಿಮೆಂಟ್ ಅಂಗಡಿಗೆ ಹೋದರು. ಅಂಗಡಿಯವನು ಎರಡು ಬೀದಿ ಆಚೆಯ ಮನೆ ತೋರಿಸಿದ. ಅಲ್ಲೊಬ್ಬ ಹಿರಿಯ ಮೇಸ್ತ್ರಿ ಚಿಮಣಿ ಕಟ್ಟುತ್ತಿದ್ದಾರಂತೆ.

ಬಾಗಿಲು ತೆರೆದ ಹೆಂಗಸು ಮನೆಯೊಳಗೇ ಎರಡು ಸ್ವೆಟರ್ ತೊಟ್ಟು, ಮೇಲೊಂದು ಶಾಲು ಹೊದ್ದಿದ್ದರು. ನೆಗಡಿಯಿರಬೇಕು ಎಂದುಕೊಂಡರು ಟಿ.ಸಿ.

ಮೇಸ್ತ್ರಿ ಛಾವಣಿಯ ಮೇಲಿದ್ದರು. ಒಳಗಿನ ಅಗ್ಗಿಷ್ಟಿಕೆಯನ್ನು ನೋಡಿ ಟಿ.ಸಿ. ಬೆರಗಾದರು. ಇಟ್ಟಿಗೆಯ ಸಾಲುಗಳು ಗೆರೆ ಎಳೆದಷ್ಟು ನೇರವಾಗಿದ್ದವು. ಬೆರಳಿನಿಂದ ಒಳಗೋಡೆ ಸವರಿ ನೋಡಿದರು. ಮಸಿಯ ಸುಳಿವೇ ಇಲ್ಲ. ಹೊಗೆ ಅಷ್ಟು ಚೊಕ್ಕವಾಗಿ ಮೇಲೇರುವಂತೆ ಕಟ್ಟಬೇಕಾದರೆ ಕೈಗುಣ ಬೇಕು.

"ಅರ್ಧಕ್ಕೆ ಕೈಕೊಟ್ಟು ಓಡಿಹೋಗೋ ಪೈಕಿನಾ?" ಎಂದು ತಗ್ಗಿದ ದನಿಯಲ್ಲಿ ಕೇಳಿದರು.

"ಓಡಿಹೋಗೋದಾ? ಇವ್ರಾ?" ಆ ಹೆಂಗಸು ಒಂದು ಕ್ಷಣ ಛಾವಣಿಯತ್ತ ನೋಡಿದರು. "ಹೋಗಿ ಅಂದ್ರೂ ಹೋಗೋ ಆಸಾಮಿ ಅಲ್ಲ."

"ಕೆಲಸಕ್ಕೆ ಚಕ್ಕರ್ ಹೊಡೆಯೋದು?"

"ಬೆಳಿಗ್ಗೆ ಎಂಟಕ್ಕೆ ಬಂದ್ರೆ ಸಂಜೆ ಆರು. ಒಂದು ದಿನ ತಪ್ಪಿಸಿಲ್ಲ ಸಾರ್. ಒಂದೇ ಒಂದು ದಿನ." ಹೇಳುತ್ತ ಅವರ ಕಣ್ಣಲ್ಲಿ ನೀರಾಡಿತು.

ಮೂಲೆಯಲ್ಲಿ ಕಂಬಳಿ ಹೊದ್ದು ಹತ್ತನೇ ಕ್ಲಾಸಿನ ಪರೀಕ್ಷೆಗೆ ಓದುತ್ತಿದ್ದ ಮಗಳು ತಲೆಯೆತ್ತಿದಳು. "ನಂಗೆ ಎರಡರ ಮಗ್ಗಿ ಬಾಯಿಪಾಠ ಮಾಡಿಸಿದ್ದೇ ಮೇಸ್ತ್ರಿ ಮಾಮ."

ತಾಯಿ ಅವಳನ್ನು ದುರುಗುಟ್ಟಿ ನೋಡಿದರು. ಟಿ.ಸಿ.ಗೆ ಮಾತ್ರ ಸಂತೋಷವಾಯಿತು. ಕರಣೆ ಹಿಡಿಯುವ ಕೈಗೆ ಲೆಕ್ಕವೂ ಗೊತ್ತೆಂದರೆ ಇನ್ನೇನು ಬೇಕು!

"ಯಾವಾಗ ಬಿಡುವಾಗ್ತಾರೆ?"

"ಈಗ್ಲೇ ಕರ್ಕೊಂಡು ಹೋಗಿ."

"ಅಲ್ಲಮ್ಮಾ, ಮೇಲಿನ ಕೆಲಸ ಇನ್ನೂ..."

"ಮುಗಿದ ಹಾಗೇ ಸಾರ್. ಅವರಿಗೆ ಬೇರೆ ಕಡೆ ಕೆಲಸ ಸಿಕ್ರೆ ಸಾಕು. ನೀವೇ ಕೂಗಿ ಹೇಳಿ, ನಾನು ಹೇಳಿದ್ರೆ ಕೇಳಲ್ಲ."

ಸಾಮಾನಿನ ಚೀಲವನ್ನು ಆಕೆಯೇ ಎತ್ತಿ ತಳ್ಳುಗಾಡಿಗೆ ಹಾಕಿದರು. ಏಣಿಯನ್ನು ಮಗಳು ಹೊತ್ತು ತಂದಳು. ಕೆಲಸದವರನ್ನು ಇಷ್ಟು ಗೌರವದಿಂದ ಬೀಳ್ಕೊಡುವ ಮನೆಯನ್ನು ಟಿ.ಸಿ. ಕಂಡಿರಲಿಲ್ಲ. ಬೀದಿಯ ತಿರುವಿನಲ್ಲಿ ಹಿಂತಿರುಗಿ ನೋಡಿದರೆ ಆ ಮನೆಯ ಚಿಮಣಿಯಿಂದ ಆಗಲೇ ಹೊಗೆ ಏಳುತ್ತಿತ್ತು.

"ನೋಡಿ ಮೇಸ್ತ್ರಿ, ಎಷ್ಟು ನೆಟ್ಟಗೆ ಹೋಗ್ತಿದೆ!"

"ಆತುರಗೇಡಿಗಳು," ಎಂದು ಗೊಣಗಿದರು ಮೇಸ್ತ್ರಿ.

ಮನೆಗೆ ಬಂದು ತೂಗುಗುಂಡು ಇಳಿಬಿಟ್ಟು ನೋಡಿ, ನಿಟ್ಟುಸಿರು ಬಿಟ್ಟು, ಹಳೆಯ ನಾಲ್ಕು ಸಾಲನ್ನು ಕಿತ್ತರು. "ಎರಡು ವಾರ ಸಾರ್. ಒಂದೇ ಷರತ್ತು. ನನಗೆ ಒಪ್ಪಿಗೆ ಆಗೋವರೆಗೂ ಇದರಲ್ಲಿ ಯಾರೂ ಕಡ್ಡಿ ಗೀರಬಾರದು."

ಸಂಜೆಯೊಳಗೆ ಐದು ಸಾಲು ಎದ್ದವು. ಮರುದಿನ ಬೆಳಿಗ್ಗೆ ಸರಿಯಾಗಿ ಎಂಟಕ್ಕೆ ಬಂದ ಮೇಸ್ತ್ರಿ ಒಂದು ಕಣ್ಣು ಮುಚ್ಚಿ ನೋಡಿ, "ಕೂದಲೆಳೆಯಷ್ಟು ವಾಲಿದೆ" ಎಂದು ಮೂರು ಸಾಲು ಬಿಚ್ಚಿದರು.

"ನೋಡಿದ್ಯಾ? ಕೆಲಸ ಅಂದ್ರೆ ಇದು!" ಎಂದು ಟಿ.ಸಿ. ಹೆಂಡತಿಯ ಮುಂದೆ ಬೀಗಿದರು. ಬಹಳ ದಿನಗಳ ಮೇಲೆ ಅವರಿಗೆ ಕೇಳದೆಯೇ ಕಾಫಿ ಸಿಕ್ಕಿತು.

ಕೆಲಸ ನಡೆಯಿತು. ಒಂದು ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ಕೈಯಲ್ಲಿ ಅಳತೆಯ ಟೇಪು ಹಿಡಿದ ಅಪರಿಚಿತ. ಅವನ ಮನೆಯ ಗೋಡೆಯಲ್ಲೂ ಯಾವನೋ ತೂತು ಕೊರೆದು ಮಾಯವಾಗಿದ್ದನಂತೆ. ಒಳಗೆ ಬಂದು ಅಗ್ಗಿಷ್ಟಿಕೆಯನ್ನು ಬೆರಳಿನಿಂದ ಸವರಿ, ಬೆರಳು ನೋಡಿಕೊಂಡು ತಲೆದೂಗಿದ.

"ಕೆಲಸ ಚೆನ್ನಾಗಿದೆ. ಅರ್ಧಕ್ಕೆ ಬಿಟ್ಟು ಓಡಿಹೋಗಲ್ಲ ತಾನೇ?"

ಮೂವತ್ತೈದು ವರ್ಷ ಟಿಕೆಟ್ ಇಲ್ಲದವರ ಕಣ್ಣಲ್ಲಿ ಕಂಡಿದ್ದ ನೋಟ ಈಗ ಟಿ.ಸಿ.ಯವರ ಕಣ್ಣಲ್ಲೇ ಇತ್ತು.

"ಹೋಗಿ ಅಂದ್ರೂ ಹೋಗೋ ಆಸಾಮಿ ಅಲ್ಲ," ಎಂದರು.

ಸೊಂಟನೋವನ್ನೂ ಲೆಕ್ಕಿಸದೆ ಸಾಮಾನಿನ ಚೀಲವನ್ನು ತಾವೇ ಹೊತ್ತು ತಳ್ಳುಗಾಡಿಗೆ ಹಾಕಿದರು. ಗಾಡಿ ತಿರುವು ದಾಟುವುದನ್ನೇ ಕಾದಿದ್ದು, ಒಳಗೋಡಿ ಅಗಳಿ ಹಾಕಿ, "ಬೆಂಕಿಪೊಟ್ಟಣ! ಬೇಗ!" ಎಂದು ಕೂಗಿದರು.

ಓಡಿ ಬಂದು ಕೊಟ್ಟವಳು ಮೊಮ್ಮಗಳು. ಎರಡು ಸ್ವೆಟರಿನ ಮೇಲೆ ಎರಡನೆಯ ಕ್ಲಾಸಿನ ಚೀಲ ಹೊತ್ತು ಶಾಲೆಗೆ ಹೊರಟಿದ್ದಳು.