ಉಡದಾರದ ಕೀಲಿ

ಸಂಜುಕುಮಾರ ಸ್ಕೂಟರ್ ಹತ್ತಿ ಹುಮನಾಬಾದಿನ ಅಂಗಡಿಗೆ ಹೋದದ್ದೇ ತಡ, ಅವನ ಹೆಂಡತಿ ಉಮಾದೇವಿ ಮಾಣಿಕನಗರದಲ್ಲಿ ಮಾಡಿಸಿಟ್ಟಿದ್ದ ಕಳ್ಳಕೀಲಿಯಿಂದ ಕಾರಿನ ಬಾಗಿಲು ತೆಗೆದಳು. ಬಾಗಿಲೇನೋ ತೆರೆಯಿತು. ಇಂಜಿನ್ ಮಾತ್ರ ಒಮ್ಮೆ ಗುರ್ ಎಂದು ಸತ್ತುಹೋಯಿತು. ಆಕೆ ಹೇಳಿಕಳಿಸಿ ಕರೆಸಿದ್ದ ಮೆಕ್ಯಾನಿಕ್ ಮೊಹಿನುದ್ದೀನ್, ಇದು ಹೊಸ ಮಾದರಿಯ ಗಾಡಿ, ಕಂಪನಿ ಕೀಲಿಯ ಗುರುತು ಸಿಗದಿದ್ದರೆ ಒಳಗಿನ ಕಂಪ್ಯೂಟರು ಇಂಜಿನ್ನಿಗೆ ಪೆಟ್ರೋಲನ್ನೇ ಬಿಡುವುದಿಲ್ಲ ಎಂದ.

ಆ ಕಂಪನಿ ಕೀಲಿ ಇದ್ದದ್ದು ಗಂಡನ ಉಡದಾರದಲ್ಲಿ. ಕಾರು ಕೊಂಡದ್ದು ಉಮಾದೇವಿಯ ಸಂಬಳದಲ್ಲಿ. ಒಮ್ಮೆ ಆಕೆ ಅದನ್ನು ಹಿಂದಕ್ಕೆ ತೆಗೆಯುವಾಗ ತುಳಸಿಕಟ್ಟೆಗೆ ತಾಗಿಸಿದ್ದೇ ನೆಪವಾಗಿ ಕೀಲಿ ಅವನ ಸೊಂಟ ಸೇರಿತು. ಈಗ ಆಕೆಗೆ ಬಸವಕಲ್ಯಾಣದ ಆಚೆಯ ಹಳ್ಳಿ ಶಾಲೆಗೆ ವರ್ಗವಾಗಿತ್ತು. ಮರುದಿನ ಬೆಳಿಗ್ಗೆ ಹಾಜರಾಗಬೇಕು. ಬಸ್ಸು ಅಲ್ಲಿಗೆ ಮುಟ್ಟುವ ಹೊತ್ತಿಗೆ ಮಕ್ಕಳು ಊಟಕ್ಕೆ ಕೂತಿರುತ್ತಾರೆ. ಕಾರು ಕೇಳಿದರೆ, ನೌಕರಿಯನ್ನೇ ಬಿಟ್ಟುಬಿಡು ಎಂದಿದ್ದ ಮಹಾರಾಯ.

ಮೊಹಿನುದ್ದೀನ್ ಚೀಲದಿಂದ ಇನ್ನೊಂದು ಕಂಪ್ಯೂಟರು ತೆಗೆದ. ಇದೇ ಕಾರಿನ ಹಳೆಯ ಮಾದರಿಯದು, ಹೆದ್ದಾರಿಯಲ್ಲಿ ಪಲ್ಟಿ ಹೊಡೆದು ಗುಜರಿ ಸೇರಿದ ಗಾಡಿಯಿಂದ ಬಿಚ್ಚಿದ್ದು.

"ಅಕ್ಕೋರೆ, ಇದು ಕೂಡ್ತದ. ಖರೇ, ಇಂಜಿನ್ ದೀಪ ಹತ್ತೇ ಇರ್ತದ. ಮತ್ತ ಇದು ಯಾರ ಕೀಲಿ ಅಂತ ಕೇಳಂಗಿಲ್ಲ. ನಾಳೆ ಕಳ್ಳ ಬಂದ್ರ?"

"ಕಳ್ಳನ್ನ ನಾ ನೋಡ್ಕೋತೀನಿ. ನೀ ಹಚ್ಚು."

ಅವನು ಸೀಟಿನಡಿ ತಲೆ ತೂರಿಸಿ ಮಲಗಿದ. ಉಮಾದೇವಿಯೇ ಬ್ಯಾಟರಿ ದೀಪ ಹಿಡಿದು ಬೆಳಕು ಬಿಟ್ಟಳು. ಒಂದೆರಡು ತಂತಿಗಳು ಜಗಳ ತೆಗೆದವು, ಅವನ್ನು ಕತ್ತರಿಸಿ ಬೇರೆ ಕಡೆ ಜೋಡಿಸಬೇಕಾಯಿತು. ಕೊನೆಗೆ ಆಕೆ ಕಳ್ಳಕೀಲಿ ತಿರುವಿದಾಗ ಇಂಜಿನ್ ಹತ್ತಿತು, ಹತ್ತಿದ್ದು ನಿಲ್ಲಲಿಲ್ಲ. ಖುಷಿಗೆ ಆಕೆಯ ಕಣ್ಣು ತುಂಬಿದವು.

ಮರುದಿನ ಬೆಳಿಗ್ಗೆ ಆಕೆ ಕಾರು ಚಾಲೂ ಮಾಡಿದ ಕೂಡಲೇ ಬಚ್ಚಲಿನಲ್ಲಿ ನೀರಿನ ಸದ್ದು ನಿಂತಿತು. ತುಳಸಿಕಟ್ಟೆಯನ್ನು ಬಳಸಿ, ಎಲ್ಲೂ ತಾಗದಂತೆ ಗೇಟಿನವರೆಗೆ ಬಂದಳು. ಅಷ್ಟರಲ್ಲಿ ಸಂಜುಕುಮಾರ ಕಿವಿಯ ಮೇಲೆ ಸಾಬೂನಿನ ನೊರೆ ಹೊತ್ತು ಓಡಿಬಂದ. ಒಂದು ಕೈಯಲ್ಲಿ ಟವೆಲ್ ಹಿಡಿದಿದ್ದ, ಇನ್ನೊಂದು ಕೈಯಲ್ಲಿ ಉಡದಾರದ ಕೀಲಿ.

"ಕೀಲಿ ನನ್ನ ಹಂತೇಲಿ ಅದ. ಹ್ಯಾಂಗ ಚಾಲೂ ಆತು?"

ಉಮಾದೇವಿ ಗಾಜು ಇಳಿಸಿದಳು.

"ನಿಮ್ಮ ಕೀಲಿನೂ ನಡೀತದ್ರಿ," ಎಂದಳು. "ಸಂಜೀಕ ನಾ ಬಂದಮ್ಯಾಲ ಹಾಕಿ ನೋಡ್ರಿ."